ಲೂಸರ್ನ್: ನೀರಿನ ಜಾಡು ಹಿಡಿದು ನಡೆದ ಒಂದು ದಿನ

ಸ್ವಿಟ್ಜರ್ಲೆಂಡಿಗೆ ಹೋಗುವ ನಮ್ಮವರ ಪ್ರವಾಸದ ಪಟ್ಟಿಯಲ್ಲಿ ಲೂಸರ್ನ್ ಇದ್ದೇ ಇರುತ್ತದೆ. ಆದರೆ ಅದರ ಪಾಲಿಗೆ ಸಿಗುವುದು ಎರಡೋ ಮೂರೋ ಗಂಟೆ. ಮರದ ಸೇತುವೆಯ ಮೇಲೊಂದು ಫೋಟೊ, ಕಲ್ಲಿನ ಸಿಂಹದ ಮುಂದೆ ಇನ್ನೊಂದು, ಒಂದಿಷ್ಟು ಚಾಕೊಲೇಟ್ ಖರೀದಿ, ಆಮೇಲೆ ಟಿಟ್ಲಿಸ್ ಪರ್ವತದ ಹಿಮದ ಕಡೆಗೆ ಓಟ. ಊರಿಗೆ ಇದು ಅನ್ಯಾಯ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಬೆನ್ನಿಗೆ ಚೀಲ ಏರಿಸಿಕೊಂಡು ಯುರೋಪ್ ಸುತ್ತುತ್ತಿದ್ದ ನಾನು ಜೂನ್ ತಿಂಗಳ ಒಂದು ಶನಿವಾರವನ್ನು ಪೂರ್ತಿಯಾಗಿ ಲೂಸರ್ನ್‌ಗೆ ಕೊಟ್ಟೆ. ಸರೋವರದ ನೀರು ಊರೊಳಗೆ ಎಲ್ಲೆಲ್ಲಿ ಹೋಗುತ್ತದೆಯೋ ಅಲ್ಲಿಗೆ ನಾನೂ ಹೋಗಬೇಕು ಎಂದು ನಿಶ್ಚಯಿಸಿಕೊಂಡಿದ್ದೆ.

ದೊಡ್ಡ ಚೀಲವನ್ನು ರೈಲು ನಿಲ್ದಾಣದ ಲಾಕರಿನಲ್ಲಿಟ್ಟು ಹೊರಬಂದರೆ ಎದುರಿಗೇ ಸರೋವರ. ನಾಲ್ಕು ದಿಕ್ಕಿಗೂ ಕವಲೊಡೆದ ಆ ನೀರೆಲ್ಲ ಕೊನೆಗೆ ಇಲ್ಲಿಗೇ ಬಂದು ರಾಯ್ಸ್ ನದಿಯಾಗಿ ಊರನ್ನು ಸೀಳಿಕೊಂಡು ಹೊರಡುತ್ತದೆ. ಮುಂದೆ ಅದು ಆರೆ ನದಿಯನ್ನು, ಆರೆ ರೈನ್ ನದಿಯನ್ನು ಸೇರುತ್ತದೆ; ನೀರು ಕೊನೆಗೆ ಸೇರುವುದು ಉತ್ತರ ಸಮುದ್ರವನ್ನು. ನದಿ ಸರೋವರದಿಂದ ಹೊರಡುವ ಆ ತಾಣದಲ್ಲೇ ಕಪೆಲ್‌ಬ್ರುಕೆ ಎಂಬ ಪ್ರಸಿದ್ಧ ಮರದ ಸೇತುವೆ ಇದೆ. ಕಟ್ಟಿದ್ದು 14ನೇ ಶತಮಾನದಲ್ಲಿ. 1993ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದು ಅದರ ಬಹುಭಾಗ ಸುಟ್ಟುಹೋಯಿತು. ಮಾಡಿನ ಕೆಳಗಿದ್ದ 17ನೇ ಶತಮಾನದ ತ್ರಿಕೋನ ಚಿತ್ರಗಳಲ್ಲಿ ಹೆಚ್ಚಿನವು ಬೂದಿಯಾದವು. ಮರುವರ್ಷವೇ ಸೇತುವೆಯನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಬೆಳಿಗ್ಗೆ ಬೇಗ ಹೋದದ್ದರಿಂದ ಜನಜಂಗುಳಿ ಇಲ್ಲದೆ ದಾಟಿದೆ.

ಸೇತುವೆ ಇಳಿದವರು ಸಾಮಾನ್ಯವಾಗಿ ಅಂಗಡಿಗಳ ಬೀದಿಗೆ ತಿರುಗುತ್ತಾರೆ. ದಯವಿಟ್ಟು ತಿರುಗಬೇಡಿ. ದಡ ಹಿಡಿದು ನದಿ ಹರಿಯುವ ದಿಕ್ಕಿಗೇ ಸ್ವಲ್ಪ ದೂರ ನಡೆಯಿರಿ. ನೀರಿನ ಮೊರೆತ ಕೇಳತೊಡಗುತ್ತದೆ. ಅಲ್ಲಿದೆ ನಾಡೆಲ್‌ವೇರ್ ಎಂಬ ಅಣೆಕಟ್ಟು. ನನ್ನ ಮಟ್ಟಿಗೆ ಲೂಸರ್ನ್‌ನಲ್ಲಿ ನೋಡಲೇಬೇಕಾದದ್ದು ಇದೇ. 19ನೇ ಶತಮಾನದ ನಡುವಿನಲ್ಲಿ ಕಟ್ಟಿದ ಇದರಲ್ಲಿ ಉದ್ದನೆಯ ಮರದ ಪಟ್ಟಿಗಳನ್ನು ಒಂದರ ಪಕ್ಕ ಒಂದರಂತೆ ನೆಟ್ಟಗೆ ನಿಲ್ಲಿಸಿರುತ್ತಾರೆ. ಸರೋವರದ ಮಟ್ಟ ಇಳಿದಾಗ ಪಟ್ಟಿಗಳನ್ನು ಸೇರಿಸುತ್ತಾರೆ, ಏರಿದಾಗ ತೆಗೆಯುತ್ತಾರೆ. ಇಂದಿಗೂ ಅದು ಕೈಯಿಂದಲೇ ನಡೆಯುವ ಕೆಲಸ. ನಾನು ಕರಾವಳಿಯವನು. ಮಳೆಗಾಲ ಮುಗಿದ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುವುದನ್ನು, ಮಳೆ ಬರುವ ಮೊದಲು ಮೇಲೆತ್ತುವುದನ್ನು ನೋಡುತ್ತಾ ಬೆಳೆದವನು. ನಮ್ಮಲ್ಲಿ ಹಲಗೆಗಳು ಅಡ್ಡಕ್ಕೆ, ಇಲ್ಲಿ ಪಟ್ಟಿಗಳು ಉದ್ದಕ್ಕೆ. ನಮ್ಮದು ತೋಟ ಗದ್ದೆಗಳ ನೀರಿಗಾಗಿ, ಇವರದು ಸರೋವರದ ಮಟ್ಟವನ್ನು ಕಾಯುವುದಕ್ಕಾಗಿ. ಹಿಂದಿರುವ ಬುದ್ಧಿ ಒಂದೇ. ಬೆಟ್ಟದ ಹಿಮ ಕರಗುವ ಕಾಲವಾದ್ದರಿಂದ ನೀರು ಹಸಿರು ಬಣ್ಣದಲ್ಲಿ ಭೋರ್ಗರೆಯುತ್ತಿತ್ತು. ಕಟಕಟೆಗೆ ಒರಗಿ ಬಹಳ ಹೊತ್ತು ಅಲ್ಲೇ ನಿಂತೆ.

ಅಲ್ಲಿಂದ ಕೆಲವೇ ಹೆಜ್ಜೆ ಮುಂದೆ ಶ್ಪ್ರೊಯರ್‌ಬ್ರುಕೆ, ಇನ್ನೊಂದು ಮರದ ಸೇತುವೆ. ಹಿಂದೆ ಗಿರಣಿಗಳ ಹೊಟ್ಟನ್ನು ನದಿಗೆ ಸುರಿಯಲು ಅನುಮತಿ ಇದ್ದದ್ದು ಇಲ್ಲಿ ಮಾತ್ರ. ಊರಿನ ಕೆಳಭಾಗವಾದ್ದರಿಂದ ಮೇಲಿನ ನೀರು ಕೆಡುತ್ತಿರಲಿಲ್ಲ. ಇದರ ಮಾಡಿನಡಿಯ ಚಿತ್ರಗಳನ್ನು ನಿಧಾನವಾಗಿ ನೋಡಬೇಕು. ರಾಜ, ಪಾದ್ರಿ, ವ್ಯಾಪಾರಿ, ಮದುಮಗಳು, ಯಾರನ್ನೂ ಬಿಡದೆ ಅಸ್ಥಿಪಂಜರದ ರೂಪದ ಸಾವು ಕೈಹಿಡಿದು ಕರೆದೊಯ್ಯುತ್ತದೆ. 17ನೇ ಶತಮಾನದಲ್ಲಿ ಕಾಸ್ಪರ್ ಮೆಗ್ಲಿಂಗರ್ ಬರೆದ ಚಿತ್ರಗಳಿವು. ಕಪೆಲ್‌ಬ್ರುಕೆಯ ಚಿತ್ರಗಳಿಗಿಂತ ಇವೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವು.

ಊರಿನ ಹಿಂದಿನ ಗುಡ್ಡದ ಮೇಲೆ ಮುಸೆಗ್ ಎಂಬ ಹಳೆಯ ಕೋಟೆಗೋಡೆ, ಅದಕ್ಕೆ ಒಂಬತ್ತು ಗೋಪುರ. ಚಳಿಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಕೆಲವು ಗೋಪುರಗಳನ್ನು ಹತ್ತಬಹುದು, ಟಿಕೆಟ್ ಇಲ್ಲ. ಗಡಿಯಾರದ ಗೋಪುರದಲ್ಲಿ 1535ರ ಗಡಿಯಾರವಿದೆ. ಊರಿನ ಉಳಿದೆಲ್ಲ ಗಡಿಯಾರಗಳಿಗಿಂತ ಒಂದು ನಿಮಿಷ ಮೊದಲು ಗಂಟೆ ಹೊಡೆಯುವ ಹಕ್ಕು ಅದಕ್ಕಿದೆ. ಸಿಂಹವನ್ನೂ ನೋಡಿದೆ. 1792ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ರಾಜನ ಕಾವಲಿಗಿದ್ದು ಸತ್ತ ಸ್ವಿಸ್ ಸೈನಿಕರ ನೆನಪಿಗೆ ಬಂಡೆಯಲ್ಲಿ ಕೆತ್ತಿದ ಮೂರ್ತಿ ಅದು. ಚೆನ್ನಾಗಿದೆ, ಆದರೆ ನೆರೆದಿದ್ದ ಗುಂಪಿನ ನಡುವೆ ಅದರ ದುಃಖ ನನಗೆ ತಲುಪಲಿಲ್ಲ.

ಊಟದ ಖರ್ಚು ಇಲ್ಲಿ ಜೇಬಿಗೆ ಕತ್ತರಿ ಹಾಕುತ್ತದೆ. ಮಂಗಳವಾರ ಮತ್ತು ಶನಿವಾರ ಬೆಳಿಗ್ಗೆ ನದಿಯ ದಂಡೆಯ ಕಮಾನುಗಳ ಕೆಳಗೆ ರೈತರ ಸಂತೆ ನಡೆಯುತ್ತದೆ. ಬ್ರೆಡ್, ಚೀಸ್, ಒಂದು ಪೊಟ್ಟಣ ಚೆರ್ರಿ ಕೊಂಡೆ. ಕುಡಿಯುವ ನೀರನ್ನು ಎಲ್ಲೂ ಕೊಳ್ಳಬೇಡಿ. ಚೌಕಗಳಲ್ಲಿರುವ ಕಾರಂಜಿಗಳಲ್ಲೇ ಬಾಟಲಿ ತುಂಬಿಸಿಕೊಳ್ಳಬಹುದು. ಬುತ್ತಿ ಬಿಚ್ಚಿದ್ದು ಉಫ್‌ಶೊಟ್ಟಿ ಎಂಬ ದಂಡೆಯ ಉದ್ಯಾನದಲ್ಲಿ. ನಿಲ್ದಾಣದ ಪಕ್ಕದ ಸಂಗೀತ ಸಭಾಂಗಣವನ್ನು ದಾಟಿ ದಡದಲ್ಲೇ ನಡೆದರೆ ಸಿಗುತ್ತದೆ. ಜೀನ್ ನೂವೆಲ್ ವಿನ್ಯಾಸಗೊಳಿಸಿದ ಆ ಕಟ್ಟಡದೊಳಕ್ಕೂ ನೀರಿನ ಕಾಲುವೆಗಳಿವೆ, ಅದರ ಅಗಲ ಚಾವಣಿಯ ತಳದಲ್ಲಿ ಸರೋವರ ಮಿನುಗುತ್ತದೆ. ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಸ್ಥಳೀಯರ ಜೊತೆ ನಾನೂ ನೀರಿಗಿಳಿದೆ. ತಣ್ಣಗೆ ಕೊರೆಯುತ್ತಿತ್ತು, ಎದುರಿಗೆ ಬೆಟ್ಟಗಳ ಸಾಲು.

ಇಷ್ಟೆಲ್ಲ ಉಳಿಸಿದ ಹಣವನ್ನು ಸಂಜೆಯ ಹಡಗಿಗೆ ಖುಷಿಯಿಂದ ಸುರಿದೆ. ಸ್ವಿಸ್ ಟ್ರಾವೆಲ್ ಪಾಸ್ ಇದ್ದವರಿಗೆ ಇಲ್ಲಿನ ಹಡಗುಗಳಲ್ಲಿ ಬೇರೆ ಟಿಕೆಟ್ ಬೇಕಿಲ್ಲ, ನನ್ನಲ್ಲಿ ಇರಲಿಲ್ಲ. ಬೇಸಿಗೆಯಲ್ಲಿ ಹಳೆಯ ಉಗಿಹಡಗುಗಳು ಓಡುತ್ತವೆ, 1901ರ 'ಉರಿ' ಅವುಗಳಲ್ಲಿ ಹಿರಿಯದು. ಯಾವ ಸಮಯಕ್ಕೆ ಉಗಿಹಡಗು ಬರುತ್ತದೆ ಎಂದು ವೇಳಾಪಟ್ಟಿಯಲ್ಲಿ ಗುರುತಿಸಿಕೊಂಡು ಹೋಗಿ. ಮೇಲಿನ ಅಟ್ಟ ಮೊದಲ ದರ್ಜೆಯವರದು, ಅದಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯ ಕಾಣಲಿಲ್ಲ. ಹಡಗಿನ ನಡುವೆ ಯಂತ್ರದ ಕೋಣೆ ತೆರೆದೇ ಇರುತ್ತದೆ. ಮಿರಮಿರ ಮಿಂಚುವ ಉಕ್ಕಿನ ತೋಳುಗಳು ತಿರುಗುತ್ತಾ ಎರಡೂ ಬದಿಯ ಚಕ್ರಗಳಿಂದ ನೀರನ್ನು ತಳ್ಳುವುದನ್ನು ಕೆಳಗಿನ ಅಟ್ಟದಲ್ಲಿ ನಿಂತೇ ನೋಡಬೇಕು.