ಸಸ್ಯಕೋಶ, ಪ್ರಾಣಿಕೋಶ: ಪಟ್ಟಿ ಬಾಯಿಪಾಠ ಬೇಡ, ಮೂರು ಸ್ಲೈಡ್ ಮಾಡಿ ನೋಡಿ

ಶಾಲೆಯಲ್ಲಿರುವಂಥ ಸಾಧಾರಣ ಮೈಕ್ರೋಸ್ಕೋಪ್ ಸಿಕ್ಕರೆ ಸಾಕು, ಪುಸ್ತಕದಲ್ಲಿರುವ ವ್ಯತ್ಯಾಸಗಳ ಅರ್ಧ ಪಟ್ಟಿ ಕಣ್ಣಿಗೇ ಕಾಣುತ್ತದೆ. ಉಳಿದರ್ಧಕ್ಕೆ ತಲೆ ಓಡಿಸಬೇಕು.

ಮೊದಲು ಈರುಳ್ಳಿ. ಒಂದು ಪದರ ಬಿಡಿಸಿ, ಅದರ ಒಳಮೈಯಿಂದ ತೆಳ್ಳನೆ ಪೊರೆ ಎಳೆದು, ಸ್ಲೈಡ್ ಮೇಲಿನ ನೀರಿನ ಹನಿಯಲ್ಲಿ ಮಡಿಕೆ ಬೀಳದಂತೆ ಹರಡಿ. ಒಂದು ತೊಟ್ಟು ಅಯೋಡಿನ್ ಹಾಕಿ. ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಿ, ಇಲ್ಲದಿದ್ದರೆ ಗಾಳಿಗುಳ್ಳೆ ತುಂಬಿಕೊಂಡು ಅದನ್ನೇ ಜೀವಕೋಶ ಅಂದುಕೊಳ್ಳುತ್ತೀರಿ (ದಪ್ಪ ಕಪ್ಪು ಅಂಚಿನ ದುಂಡಗಿನದೆಲ್ಲ ಗುಳ್ಳೆ). ಇಟ್ಟಿಗೆ ಜೋಡಿಸಿದಂತೆ ಕಾಣುವ ಗೆರೆಗಳೇ ಕೋಶಭಿತ್ತಿ. ಕೋಶಕೇಂದ್ರ ಸಾಮಾನ್ಯವಾಗಿ ಗೋಡೆಯ ಪಕ್ಕಕ್ಕೆ ಸರಿದಿರುತ್ತದೆ. ನಡುವಿನ ಜಾಗವನ್ನೆಲ್ಲ ರಸ ತುಂಬಿದ ಚೀಲದಂಥ ದೊಡ್ಡ ರಸದಾನಿ ಹಿಡಿದಿದೆ, ಅದಕ್ಕೆ.

ಆಮೇಲೆ ನಿಮ್ಮದೇ ಕೆನ್ನೆ. ಬಾಯಿ ಮುಕ್ಕಳಿಸಿ, ಹೊಸ ಟೂತ್‌ಪಿಕ್‌ನ ಮೊಂಡು ತುದಿಯಿಂದ ಒಳಗೆ ಮೆಲ್ಲಗೆ ಸವರಿ, ಸ್ಲೈಡಿಗೆ ಹಚ್ಚಿ, ಮೆಥಿಲೀನ್ ಬ್ಲೂ ಹಾಕಿ. ಅಂಕುಡೊಂಕು ಅಂಚು, ಗೋಡೆ ಇಲ್ಲ, ನಡುವೆ ನೀಲಿ ಚುಕ್ಕೆಯಂಥ ಕೋಶಕೇಂದ್ರ.

ಈರುಳ್ಳಿಯಲ್ಲಿ ಹಸಿರೇ ಕಾಣಲಿಲ್ಲ ಅಲ್ವಾ? ಅದು ಮಣ್ಣಿನೊಳಗೆ ಬೆಳೆಯುವ ಗಡ್ಡೆ, ಬೆಳಕು ಬೀಳದ ಕಡೆ ಆಹಾರ ತಯಾರಿಸುವ ಹಸಿರು ಕಾಳಾದ ಕ್ಲೋರೋಪ್ಲಾಸ್ಟ್‌ಗೆ ಕೆಲಸವಿಲ್ಲ. ಹಾಗಾಗಿ ಮೂರನೆಯ ಸ್ಲೈಡಿಗೆ ಹೈಡ್ರಿಲ್ಲಾ ಎಂಬ ನೀರುಗಿಡದ ಎಲೆ ಬೇಕು, ಅಕ್ವೇರಿಯಂ ಅಂಗಡಿಯಲ್ಲಿ ಕೇಳಿ. ಬಣ್ಣ ಬೇಡ, ನೀರು ಸಾಕು. ದೀಪದ ಬೆಳಕಿನಲ್ಲಿ ಸ್ವಲ್ಪ ಹೊತ್ತು ಕಾದರೆ ಹಸಿರು ಕಾಳುಗಳು ಗೋಡೆಯ ಗುಂಟ ಸಾಲಾಗಿ ಹರಿದಾಡುವುದು ಕಾಣುತ್ತದೆ. ನನ್ನನ್ನು ಕೇಳಿದರೆ, ಮೂರರಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ.

ಆಹಾರದಿಂದ ಶಕ್ತಿ ಬಿಡಿಸಿಕೊಡುವ ಮೈಟೋಕಾಂಡ್ರಿಯಾ ಹುಡುಕಬೇಡಿ, ಈ ಮೈಕ್ರೋಸ್ಕೋಪಿಗೆ ಅದು ತೀರಾ ಸಣ್ಣದು. ಆದರೆ 'ಗಿಡಕ್ಕೆ ಕ್ಲೋರೋಪ್ಲಾಸ್ಟ್, ಪ್ರಾಣಿಗೆ ಮೈಟೋಕಾಂಡ್ರಿಯಾ' ಅಂತ ಮಾತ್ರ ಬರೆಯಬೇಡಿ. ಗಿಡಕ್ಕೆ ಎರಡೂ ಇವೆ. ಕತ್ತಲಲ್ಲಿರುವ ಬೇರು ಕೂಡ ಉಸಿರಾಡಬೇಕಲ್ಲ.

ಈಗ ಮೂಲದ ವಿಷಯ, ಅಂದರೆ ಇವೆಲ್ಲ ಎಲ್ಲಿಂದ ಬಂದವು ಅಂತ. ಪ್ರತಿ ಕಣದಂಗಕ್ಕೂ (ಜೀವಕೋಶದೊಳಗೆ ಒಂದೊಂದು ಕೆಲಸ ಮಾಡುವ ಪುಟ್ಟ ಭಾಗ) ಮೂರು ಪ್ರಶ್ನೆ ಕೇಳಿ: ಎರಡು ಪೊರೆ ಇದೆಯಾ, ಸ್ವಂತ ಡಿಎನ್‌ಎ ಇದೆಯಾ, ಬ್ಯಾಕ್ಟೀರಿಯಾದ ಹಾಗೆ ತಾನೇ ಎರಡಾಗಿ ಒಡೆಯುತ್ತದೆಯಾ? ನಮ್ಮ ಮೈಟೋಕಾಂಡ್ರಿಯಾದೊಳಗೆ ಉಂಗುರದಂಥ ಡಿಎನ್‌ಎ ಇದೆ, ಅದರಲ್ಲಿ 37 ಜೀನ್‌ಗಳಿವೆ. ಮೂರಕ್ಕೂ ಹೌದು ಅನ್ನುವ ಮೈಟೋಕಾಂಡ್ರಿಯಾ, ಕ್ಲೋರೋಪ್ಲಾಸ್ಟ್ ಎರಡೂ ಒಂದು ಕಾಲಕ್ಕೆ ಬೇರೆಯಾಗಿ ಬದುಕಿದ್ದ ಬ್ಯಾಕ್ಟೀರಿಯಾಗಳು, ಇನ್ನೊಂದು ಜೀವಕೋಶದೊಳಗೆ ಸೇರಿ ಅಲ್ಲೇ ಉಳಿದವು. 1967ರಲ್ಲಿ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಇದನ್ನು ಪ್ರಬಂಧವಾಗಿ ಪ್ರಕಟಿಸುವ ಮೊದಲು ಹತ್ತಕ್ಕೂ ಹೆಚ್ಚು ವಿಜ್ಞಾನ ಪತ್ರಿಕೆಗಳು ಅದನ್ನು ವಾಪಸ್ ಕಳಿಸಿದ್ದವು.

ಕೋಶಕೇಂದ್ರ ಇಲ್ಲಿ ದಾರಿ ತಪ್ಪಿಸುತ್ತದೆ. ಅದಕ್ಕೂ ಎರಡು ಪೊರೆ, ಡಿಎನ್‌ಎ ಇವೆ, ಆದರೆ ಮೂರನೆಯ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತದೆ. ಜೊತೆಗೆ ಅದರ ಹೊರಪೊರೆ, ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗೆ ಕೂಡಿಕೊಂಡೇ ಇದೆ.

ಯಾವುದು ಮೊದಲು ಒಳಗೆ ಬಂತು ಅಂತ ಊಹಿಸುವುದೂ ಸುಲಭ. ಮೈಟೋಕಾಂಡ್ರಿಯಾ ಗಿಡ, ಪ್ರಾಣಿ, ಶಿಲೀಂಧ್ರ ಮೂರರಲ್ಲೂ ಇದೆ. ಕ್ಲೋರೋಪ್ಲಾಸ್ಟ್ ಗಿಡ ಮತ್ತು ಪಾಚಿಗಳ ಕಡೆ ಮಾತ್ರ. ಅಂದರೆ ಅದು ಆಮೇಲೆ ಬಂದದ್ದು, ಬೆಳಕಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾಗಳಾದ ಸಯನೋಬ್ಯಾಕ್ಟೀರಿಯಾದಿಂದ. 2024ರಲ್ಲಿ ಒಂದು ಕಡಲ ಪಾಚಿಯಲ್ಲಿ ಸಾರಜನಕ ಹಿಡಿದುಕೊಡುವ ನೈಟ್ರೋಪ್ಲಾಸ್ಟ್ ಎಂಬ ಕಣದಂಗವನ್ನೂ ವಿಜ್ಞಾನಿಗಳು ವರದಿ ಮಾಡಿದರು. ಅದರ ಮೂಲವೂ ಸಯನೋಬ್ಯಾಕ್ಟೀರಿಯಾವೇ.