ಬಂದ ಬಾಲ್ ಕಾಲಿಗೆ ಬಡಿದು ಓಡಿಹೋಗುತ್ತಾ? ಫಸ್ಟ್ ಟಚ್ ಹೀಗೆ ಕಲಿಯಿರಿ

ಭಾನುವಾರ ಬೆಳಿಗ್ಗೆ ಯಾವ ಫುಟ್‌ಬಾಲ್ ಗ್ರೌಂಡಿಗೆ ಹೋದರೂ ಇದು ಕಾಣುತ್ತದೆ. ಚೆಂದದ ಪಾಸ್ ಬರುತ್ತದೆ, ಹುಡುಗ ಕಾಲು ಚಾಚುತ್ತಾನೆ, ಬಾಲ್ ಕಾಲಿಗೆ ಬಡಿದು ಎರಡು ಮೀಟರ್ ಆಚೆ ಚಿಮ್ಮುತ್ತದೆ, ಅಷ್ಟರಲ್ಲಿ ಎದುರಿನವನು ಅದನ್ನು ಎತ್ಕೊಂಡು ಹೋಗಿರುತ್ತಾನೆ. ಜೋರಾಗಿ ಓಡೋಕೆ ಬರುತ್ತದೆ, ಶಾಟ್ ಹೊಡೆಯೋಕೂ ಬರುತ್ತದೆ. ಆದರೆ ಫಸ್ಟ್ ಟಚ್, ಅಂದರೆ ಬಂದ ಬಾಲನ್ನು ಮೊದಲ ಸಲ ಮುಟ್ಟಿ ಹಿಡಿತಕ್ಕೆ ತರೋದು, ಕೈಕೊಟ್ಟರೆ ಅವೆರಡನ್ನೂ ತೋರಿಸೋಕೆ ಅವಕಾಶವೇ ಸಿಗಲ್ಲ.

ಮೊದಲು ಬಾಲ್ ಪರೀಕ್ಷೆ ಮಾಡಿ. ದೊಡ್ಡವರು ಆಡುವ 5ನೇ ಸೈಜಿನ ಬಾಲ್ 410ರಿಂದ 450 ಗ್ರಾಂ ತೂಗಬೇಕು, ಒಳಗಿನ ಗಾಳಿಯ ಒತ್ತಡ ಸುಮಾರು 8.5ರಿಂದ 15.6 ಪಿಎಸ್‌ಐ ಒಳಗಿರಬೇಕು ಅಂತ ನಿಯಮವೇ ಇದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ ಅಂದಾಜಿನ ಮೇಲೆ ಹೊಡೆಸಿದರೆ ಗಾಳಿ ಸುಲಭವಾಗಿ ಜಾಸ್ತಿಯಾಗುತ್ತದೆ. ಕಲಿಯುವವರಿಗೆ 9 ಅಥವಾ 10 ಪಿಎಸ್‌ಐ ಧಾರಾಳ ಸಾಕು. ಗೇಜ್ ಇಲ್ಲದಿದ್ದರೆ ಎರಡೂ ಹೆಬ್ಬೆರಳಿನಿಂದ ಒತ್ತಿ ನೋಡಿ, ಸ್ವಲ್ಪ ಒಳಗೆ ಹೋಗಬೇಕು. ಚಿಕ್ಕ ಮಕ್ಕಳಿಗೆ ದಯವಿಟ್ಟು 4ನೇ ಸೈಜ್ ಕೊಡಿಸಿ.

ಈಗ ಕಾಲಿನ ವಿಷಯ. ಮಾರ್ಕೆಟ್ಟಿನಲ್ಲಿ ಲಾರಿಯಿಂದ ಕಲ್ಲಂಗಡಿ ಇಳಿಸುವವರನ್ನು ನೋಡಿದ್ದೀರಲ್ವಾ? ಮೇಲಿನವನು ಎಸೆದ ಹಣ್ಣನ್ನು ಕೆಳಗಿನವನು ಕೈ ಚಾಚಿ ಮುಟ್ಟುತ್ತಾನೆ, ಮುಟ್ಟಿದ ಕೂಡಲೇ ಹಣ್ಣಿನ ಜೊತೆಗೇ ಕೈಯನ್ನೂ ಕೆಳಗೆ ತರುತ್ತಾನೆ. ಕಾಲೂ ಇಷ್ಟೇ ಮಾಡಬೇಕು. ಬಾಲ್ ಬರುವ ಗೆರೆಯಲ್ಲೇ ನಿಂತುಕೊಳ್ಳಿ, ನಿಂತ ಕಾಲಿನ ಮಂಡಿ ಸ್ವಲ್ಪ ಬಗ್ಗಿರಲಿ, ಇನ್ನೊಂದು ಪಾದವನ್ನು ಹೊರಕ್ಕೆ ತಿರುಗಿಸಿ ಬೆರಳುಗಳನ್ನು ಮೇಲಕ್ಕೆತ್ತಿ, ಪಾದದ ಒಳಬದಿಯನ್ನು ಬಾಲ್‌ಗೆ ಎದುರಾಗಿ ತಂದು, ಮುಟ್ಟುವ ಹೊತ್ತಿಗೆ ಸರಿಯಾಗಿ ಹಿಂದಕ್ಕೆ ಎಳೆದುಕೊಳ್ಳಿ. ಬಾಲ್‌ನ ನಟ್ಟನಡುವೆ ತಾಗಬೇಕು. ಪಾದ ತೀರಾ ಕೆಳಗೆ ಹೋದರೆ ಬಾಲ್ ಮೇಲಕ್ಕೆ ಹಾರುತ್ತದೆ, ತೀರಾ ಮೇಲಿದ್ದರೆ ಅಡಿಯಿಂದ ನುಸುಳಿಹೋಗುತ್ತದೆ. ಹಾಗಂತ ಪಾದವನ್ನು ಜೋಲು ಬಿಡಬೇಡಿ. ಪಾದದ ಗಂಟು ಅಲುಗದಂತೆ ಇರಲಿ, ಮಂಡಿ ಮತ್ತು ಸೊಂಟ ಸಡಿಲ ಇರಲಿ.

ಅಂಗಾಲಿನಿಂದ ಬಾಲ್ ಮೆಟ್ಟಿ ನಿಲ್ಲಿಸೋದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುವವರಿದ್ದಾರೆ. ನನಗೆ ಅದು ಸರಿ ಅನ್ನಿಸಲ್ಲ. ಫುಟ್ಸಾಲ್‌ನಲ್ಲಿ (ಚಿಕ್ಕ ಅಂಗಳದ ಒಳಾಂಗಣ ಫುಟ್‌ಬಾಲ್), ಕೃತಕ ಹುಲ್ಲಿನ ಟರ್ಫ್‌ನಲ್ಲಿ ಅದು ಬಹಳ ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ ನಮ್ಮ ಮಣ್ಣಿನ ಗ್ರೌಂಡಿನಲ್ಲಿ ಬಾಲ್ ಕೊನೇ ಗಳಿಗೆಯಲ್ಲಿ ಪುಟಿದರೆ ನೇರ ಕಾಲಡಿಯಿಂದ ಹೋಗಿಬಿಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಬಾಲ್ ಅಲ್ಲಾಡದೆ ನಿಂತುಬಿಟ್ಟರೆ ನೀವೂ ನಿಂತುಬಿಡುತ್ತೀರಿ, ಡಿಫೆಂಡರ್ ಮಾತ್ರ ನಿಲ್ಲಲ್ಲ.

ಅದಕ್ಕೇ ಬಾಲ್ ಬರೋ ಮುಂಚೆಯೇ ಅದನ್ನು ಎಲ್ಲಿಗೆ ತೆಗೆದುಕೊಂಡು ಹೋಗಬೇಕು ಅಂತ ತೀರ್ಮಾನ ಆಗಿರಬೇಕು. ಪಾಸ್ ಹೊರಡುವ ಮೊದಲು ಒಮ್ಮೆ, ಬಾಲ್ ದಾರಿಯಲ್ಲಿದ್ದಾಗ ಇನ್ನೊಮ್ಮೆ ಭುಜದ ಮೇಲಿಂದ ಹಿಂದೆ ನೋಡಿ. ಮೈ ಅರ್ಧ ತಿರುಗಿಸಿ ನಿಂತು ಬಾಲ್‌ಗೆ ದೂರವಿರುವ ಕಾಲಿನಲ್ಲಿ ತೆಗೆದುಕೊಂಡರೆ ಮುಂದಿನ ಗ್ರೌಂಡೆಲ್ಲ ಕಾಣುತ್ತದೆ, ಒಂದೇ ಟಚ್‌ಗೆ ಆ ಕಡೆ ಹೊರಟುಬಿಡಬಹುದು. ಬೆನ್ನಿಗೇ ಆಳು ಅಂಟಿಕೊಂಡಿದ್ದರೆ ಮಾತ್ರ ಹಾಗೆ ಮಾಡಬೇಡಿ, ಮೈ ಅಡ್ಡ ಕೊಟ್ಟು ಅವನಿಂದ ದೂರದ ಕಾಲಿಗೆ ತೆಗೆದುಕೊಳ್ಳಿ.

ಮೇಲಿಂದ ಇಳಿಯುವ ಬಾಲ್‌ಗೂ ಲೆಕ್ಕ ಇದೇ. ಎದೆಯಲ್ಲಿ ತಡೆಯುವಾಗ ಮಂಡಿ ಬಗ್ಗಿಸಿ, ಸ್ವಲ್ಪ ಹಿಂದಕ್ಕೆ ವಾಲಿ, ಬಾಲ್ ತಾಗುತ್ತಿದ್ದ ಹಾಗೆ ಉಸಿರು ಬಿಟ್ಟು ಎದೆ ಒಳಗೆ ಎಳೆದುಕೊಳ್ಳಿ. ಕೈಗಳು ಬದಿಗೆ ಇರಲಿ, ಬಾಲ್‌ಗೆ ತಾಗಿದರೆ ಹ್ಯಾಂಡ್‌ಬಾಲ್ ಆಗಬಹುದು. ತೊಡೆಯಾದರೆ ಮಂಡಿಯ ಹತ್ತಿರದ ಮೂಳೆಗಲ್ಲ, ನಡುವಿನ ಮಾಂಸಕ್ಕೆ ತಾಗಬೇಕು. ಎಲ್ಲಕ್ಕಿಂತ ಕಷ್ಟ ಶೂ ಲೇಸಿನ ಮೇಲೆ ಇಳಿಸಿಕೊಳ್ಳೋದು: ಪಾದವನ್ನು ಮೊದಲೇ ಎತ್ತಿಟ್ಟು, ಬಾಲ್ ತಾಗಿದ ಮೇಲೆ ಅದರ ಜೊತೆಗೇ ನೆಲಕ್ಕೆ ಇಳಿಸಬೇಕು. ಇದನ್ನು ನೋಡಬೇಕು ಅಂದರೆ 1998ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ ನೆದರ್ಲೆಂಡ್ಸ್‌ನ ಡೆನಿಸ್ ಬರ್ಗ್‌ಕ್ಯಾಂಪ್ ಹೊಡೆದ ಗೋಲ್ ನೋಡಿ. ಆಟ ಮುಗಿಯುವ ಹೊತ್ತು, 1-1. ಜೊತೆ ಆಟಗಾರ ಫ್ರಾಂಕ್ ಡಿ ಬೋಯರ್ ತಮ್ಮ ಅರ್ಧದಿಂದ ಕೊಟ್ಟ ಉದ್ದದ ಪಾಸನ್ನು ಬರ್ಗ್‌ಕ್ಯಾಂಪ್ ಗಾಳಿಯಲ್ಲಿ ಹಾರಿ ಬಲಗಾಲಿನಲ್ಲಿ ಇಳಿಸಿಕೊಳ್ಳುತ್ತಾರೆ, ಎರಡನೇ ಟಚ್‌ಗೆ ಅರ್ಜೆಂಟೀನಾದ ಡಿಫೆಂಡರ್ ಅಯಾಲನನ್ನು ದಾಟುತ್ತಾರೆ, ಮೂರನೆಯದು ಗೋಲ್. ಎಲ್ಲರೂ ಆ ಶಾಟ್ ನೋಡುತ್ತಾರೆ. ನೀವು ನಿಧಾನ ಮಾಡಿಕೊಂಡು ಮೊದಲ ಟಚ್ ಮಾತ್ರ ನೋಡಿ, ಮುಂದಿನ ಎರಡಕ್ಕೂ ಬಾಲ್ ಅಲ್ಲೇ ಸಿದ್ಧವಾಗಿರುತ್ತದೆ.

ಪ್ರಾಕ್ಟೀಸಿಗೆ ಒಂದು ಗೋಡೆ ಸಾಕು. ಐದಾರು ಮೀಟರ್ ದೂರ ನಿಂತು ಬಾಲ್ ಹೊಡೆಯಿರಿ, ವಾಪಸ್ ಬಂದದ್ದನ್ನು ಒಂದು ಟಚ್‌ಗೆ ಹಿಡಿತಕ್ಕೆ ತಂದು ಎರಡನೇ ಟಚ್‌ಗೆ ಮತ್ತೆ ಗೋಡೆಗೆ. ಅದು ಸಲೀಸಾದ ಮೇಲೆ ನಿಮ್ಮ ಎರಡೂ ಪಕ್ಕ ಒಂದೊಂದು ಚಪ್ಪಲಿ ಇಟ್ಟು, ಮೊದಲ ಟಚ್‌ನಲ್ಲೇ ಬಾಲ್ ಅದರಾಚೆ ಹೋಗುವಂತೆ ಮಾಡಿ. ಗೆಳೆಯ ಸಿಕ್ಕಿದರೆ ಅವನು ಪಾಸ್ ಕೊಟ್ಟು ಕೈಬೆರಳು ಎತ್ತಲಿ, ಬಾಲ್ ತಲುಪುವಷ್ಟರಲ್ಲಿ ಎಷ್ಟು ಬೆರಳು ಅಂತ ನೀವು ಕೂಗಿ ಹೇಳಬೇಕು. ಸುಮ್ನೆ ಬಾಲನ್ನೇ ದಿಟ್ಟಿಸುವ ಅಭ್ಯಾಸ ತಪ್ಪುತ್ತದೆ.

ಪಳಗಿಲ್ಲದ ಕಾಲಿಗೆ ಅರ್ಧ ಸಮಯ ಕೊಡಿ, ಬೇಜಾರಾದರೂ ಬಿಡಬೇಡಿ. ಮಳೆಗಾಲದಲ್ಲಿ ಒದ್ದೆ ಹುಲ್ಲಿನ ಮೇಲೆ ಬಾಲ್ ಜಾರಿಕೊಂಡು ಬೇಗ ಬರುತ್ತದೆ, ಕಾಲನ್ನು ಇನ್ನೂ ಬೇಗ ಹಿಂದಕ್ಕೆಳೆಯಿರಿ. ನೀರು ನಿಂತ ಕಡೆ ಬಾಲ್ ಅರ್ಧದಲ್ಲೇ ನಿಲ್ಲುತ್ತದೆ, ಅಲ್ಲಿ ಕಾಯಬೇಡಿ, ನೀವೇ ಎದುರು ಹೋಗಿ.