ಡಿಫರೆನ್ಷಿಯಲ್ ಸೋರಿಕೆ: ಒಂದೇ ಸೀಲ್ ನಾನು ಎರಡು ಸಲ ಹಾಕಿದ್ದು

ಇಪ್ಪತ್ತು ವರ್ಷ ದಾಟಿದ ಗಾಡಿಯ ಕೆಳಗೆ ಒಂದೆರಡು ಹನಿ ಎಣ್ಣೆ ಬಿದ್ದರೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನೂ ಕೆಡಿಸಿಕೊಂಡಿರಲಿಲ್ಲ. ಒರೆಸಿದೆ, ಮರೆತೆ. ಒಂದು ದಿನ ಸುಮ್ನೆ ಬೆರಳಿಗೆ ಹಚ್ಚಿ ಮೂಸಿ ನೋಡಿದೆ. ಗಂಧಕದ ನಾತ! ಗೇರ್ ಹಲ್ಲುಗಳು ಬೇಗ ಸವೆಯದಿರಲಿ ಎಂದು ಗೇರ್ ಆಯಿಲ್‌ಗೆ ಗಂಧಕ ಇರುವ ರಾಸಾಯನಿಕ ಸೇರಿಸಿರುತ್ತಾರೆ. ಅದರ ವಾಸನೆ ಬಟ್ಟೆಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗುವುದಿಲ್ಲ. ಹನಿ ಬಿದ್ದ ಜಾಗವೂ ಹಿಂದಿನ ಆಕ್ಸಲ್ ನಡುವಿನ ಗುಂಡು ಹೊಟ್ಟೆಯ, ಅಂದರೆ ಡಿಫರೆನ್ಷಿಯಲ್ ಗೇರ್‌ಗಳಿರುವ ಹೌಸಿಂಗ್‌ನ, ಕೆಳಗೇ ಇತ್ತು.

ಕೆಳಗೆ ಮಲಗಿ ನೋಡಿದರೆ ಎಲ್ಲವೂ ಒದ್ದೆ. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ಹರಡುತ್ತದೆ, ಅದರ ಮೇಲೆ ಧೂಳು ಕೂತು ಜಿಡ್ಡಾಗುತ್ತದೆ. ಆ ಸ್ಥಿತಿಯಲ್ಲಿ ಸೋರುವ ಜಾಗ ಊಹಿಸಿ ಬಿಚ್ಚಿದರೆ ಕೆಟ್ಟೆವು. ಸೀಮೆಎಣ್ಣೆ, ಬ್ರಷ್ ಹಿಡಿದು ಇಡೀ ಹೌಸಿಂಗ್ ಉಜ್ಜಿದೆ, ಒಣಬಟ್ಟೆಯಲ್ಲಿ ಒರೆಸಿದೆ. ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಾಕಿದೆ. ಹಿಂದಿನ ಕವರ್ ಒಣಗಿತ್ತು. ಎಣ್ಣೆ ಇಳಿಸುವ ಡ್ರೈನ್ ಪ್ಲಗ್ ಒಣಗಿತ್ತು. ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಸೇರುವ ಬಿಲ್ಲೆ, ಅಂದರೆ ಫ್ಲೇಂಜ್, ಹಿಂದೆ ಮಾತ್ರ ತೇವ, ಅದರ ನೇರ ಮೇಲೆ ಗಾಡಿಯ ತಳಕ್ಕೆ ಎಣ್ಣೆ ಎರಚಿದ ಅಡ್ಡಗೆರೆ. ತಿರುಗುವ ಫ್ಲೇಂಜ್ ಎರಚಿದ್ದು ಅದು. ಅಂದರೆ ಸೋರುತ್ತಿದ್ದುದು ಪಿನಿಯನ್ ಸೀಲ್, ಡಿಫರೆನ್ಷಿಯಲ್ ಒಳಗೆ ಹೋಗುವ ಚಿಕ್ಕ ಗೇರ್‌ನ (ಪಿನಿಯನ್) ಶಾಫ್ಟ್ ಬಳಿ ಎಣ್ಣೆ ತಡೆಯುವ ಉಂಗುರ. ಬ್ರೇಕ್ ಡ್ರಮ್‌ಗಳನ್ನೂ ತೆಗೆದು ನೋಡಿದೆ, ಆಕ್ಸಲ್ ಸೀಲ್‌ಗಳು ಚೆನ್ನಾಗಿದ್ದವು. ಅವು ಸೋರಿದರೆ ಎಣ್ಣೆ ಬ್ರೇಕ್ ಶೂ ಮೇಲೆ ಹೋಗುತ್ತದೆ. ಬ್ರೇಕ್ ಹಿಡಿಯದ ಭಯದ ಮುಂದೆ ನೆಲ ಹಾಳಾಗುವುದು ದೊಡ್ಡ ವಿಷಯವೇ ಅಲ್ಲ.

ಮೊದಲು ಎಣ್ಣೆ ತುಂಬುವ ತೂತಿನ ಫಿಲ್ಲರ್ ಪ್ಲಗ್ ಬಿಚ್ಚಬೇಕು, ಆಮೇಲೆ ಡ್ರೈನ್. ಎಣ್ಣೆ ಎಲ್ಲಾ ಇಳಿಸಿದ ಮೇಲೆ ಫಿಲ್ಲರ್ ಬರದೇ ಹೋದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ನನ್ನದು ಎರಡು ದಿನ ಹಠ ಹಿಡಿಯಿತು. ತುಕ್ಕು ಬಿಡಿಸುವ ಎಣ್ಣೆ ಹಾಕಿದೆ, ಸುತ್ತಿಗೆಯಲ್ಲಿ ತಟ್ಟಿದೆ. ಮೂರನೇ ದಿನ ಗಾಡಿ ಓಡಿಸಿ ಬಿಸಿ ಮಾಡಿಕೊಂಡು ಬಂದು, ಪಾನಾಕ್ಕೆ ಉದ್ದದ ಪೈಪ್ ಸಿಕ್ಕಿಸಿ ಎಳೆದೆ. ಬುಸ್ಸ್ ಎಂದು ಗಾಳಿ ಬಿಟ್ಟು ಪ್ಲಗ್ ಬಂತು. ಬಂತಲ್ಲಾ ಎಂಬ ಖುಷಿಯಲ್ಲಿ ಆ ಬುಸ್ಸ್ ಏನು ಹೇಳುತ್ತಿದೆ ಎಂದು ಯೋಚಿಸಲೇ ಇಲ್ಲ. ಅಲ್ಲೇ ನಾನು ಎಡವಿದ್ದು.

ಡ್ರೈನ್ ಪ್ಲಗ್‌ನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇತ್ತು. ಅದು ಸಹಜ ಸವೆತ. ಚೂರುಗಳು ಸಿಕ್ಕಿದ್ದರೆ ಸೀಲ್ ಮಾತು ಬಿಟ್ಟು ಒಳಗಿನ ಬೇರಿಂಗ್, ಪಿನಿಯನ್ ತಿರುಗಿಸುವ ದೊಡ್ಡ ಗೇರ್ ಆದ ಕ್ರೌನ್ ವೀಲ್ ನೋಡಬೇಕಾಗುತ್ತಿತ್ತು.

ಇನ್ನೊಂದು ಎಚ್ಚರಿಕೆ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಮೇಲೆ ಗಾಡಿಯನ್ನು ಗೇರ್‌ನಲ್ಲಿ ಬಿಟ್ಟರೂ ಪ್ರಯೋಜನವಿಲ್ಲ, ಚಕ್ರಕ್ಕೂ ಗೇರ್‌ಬಾಕ್ಸ್‌ಗೂ ಸಂಬಂಧವೇ ಕಡಿದಿರುತ್ತದೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಅವು ಗಾಳಿಯಲ್ಲಿರುತ್ತವೆ. ಹಾಗಾಗಿ ಮುಂದಿನ ಚಕ್ರಗಳ ಎರಡೂ ಕಡೆ ದಿಮ್ಮಿ ಇಟ್ಟು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟೇ ಒಳಗೆ ತೂರಿದೆ. ಬರೀ ಜಾಕಿ ನಂಬಿ ಮಲಗುವವರಿಗೆ ನಾನು ಏನೂ ಹೇಳಲಾರೆ.

ನಿಜವಾದ ಭಯ ಪಿನಿಯನ್ ನಟ್‌ದು. ನನ್ನ ಗಾಡಿಯಲ್ಲಿ ಎರಡು ಪಿನಿಯನ್ ಬೇರಿಂಗ್‌ಗಳ ಮಧ್ಯೆ ಅದುಮಿದರೆ ಕುಗ್ಗುವ ತಗಡಿನ ಕೊಳವೆ ಒಂದಿದೆ, ಕ್ರಶ್ ಸ್ಲೀವ್ ಅನ್ನುತ್ತಾರೆ. ನಟ್ ಬಿಗಿ ಮಾಡಿದಷ್ಟೂ ಅದು ಕುಗ್ಗಿ, ಬೇರಿಂಗ್ ಮೇಲೆ ಇಷ್ಟೇ ಒತ್ತಡ ಎಂದು ನಿಲ್ಲುತ್ತದೆ. ಜಾಸ್ತಿ ಬಿಗಿದರೆ ಬೇರಿಂಗ್ ಬಿಸಿಯಾಗಿ ಸಾಯುತ್ತದೆ. ನಟ್ ಸಡಿಲಿಸಿದರೆ ಸರಿಹೋಗುವುದೂ ಇಲ್ಲ, ಕುಗ್ಗಿದ ಸ್ಲೀವ್ ಮತ್ತೆ ಹಿಗ್ಗುವುದಿಲ್ಲ. ಹೊಸ ಸ್ಲೀವ್ ಹಾಕಲು ಇಡೀ ಪಿನಿಯನ್ ಹೊರಗೆ ಬರಬೇಕು. ಹಾಗಾಗಿ ಗಾಳಿಯ ಒತ್ತಡದಲ್ಲಿ ನಟ್ ತಿರುಗಿಸುವ ಏರ್ ಗನ್ ದೂರ ಇಟ್ಟೆ. ಬಿಚ್ಚುವ ಮೊದಲು ನಟ್, ಶಾಫ್ಟ್ ತುದಿ, ಫ್ಲೇಂಜ್ ಮೂರಕ್ಕೂ ಒಂದೇ ಸಾಲಿನಲ್ಲಿ ಸೆಂಟರ್ ಪಂಚ್ ಗುರುತು ಹಾಕಿದೆ. ನಟ್‌ನ ಹೊರಗೆ ಕಾಣುವ ಥ್ರೆಡ್ (ಮರೆ) ಎಷ್ಟು ಸುತ್ತು ಎಂದು ಎಣಿಸಿದೆ. ಬಿಚ್ಚುವಾಗ ನಟ್ ಎಷ್ಟು ಸುತ್ತು ತಿರುಗಿತು ಎಂದೂ ಗೋಡೆ ಮೇಲೆ ಬರೆದಿಟ್ಟೆ. ಫ್ಲೇಂಜ್ ತಿರುಗದಂತೆ ಹಿಡಿಯಲು ಉದ್ದದ ಕಬ್ಬಿಣದ ಪಟ್ಟಿಗೆ ಎರಡು ತೂತು ಕೊರೆದು ಬೋಲ್ಟ್ ಹಾಕಿಕೊಂಡಿದ್ದೆ. ವಾಪಸ್ ಹಾಕುವಾಗ ಅಷ್ಟೇ ಸುತ್ತು, ಗುರುತಿಗೆ ಗುರುತು, ಮೇಲೆ ಕೂದಲೆಳೆಯಷ್ಟು ಜಾಸ್ತಿ. ಪಿನಿಯನ್ ಬಿಗಿತ ಅಳೆಯುವ ಸಣ್ಣ ಟಾರ್ಕ್ ಪಾನಾ ಇದ್ದವರು ಬಿಚ್ಚುವ ಮೊದಲೇ ಅಳೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಸೀಲ್ ಹಾಕುವ ಕೆಲಸ ಹತ್ತು ನಿಮಿಷದ್ದು. ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ, ತುಟಿಗೆ ಸ್ವಲ್ಪ ಗ್ರೀಸ್, ಅಳತೆಗೆ ಸರಿಯಾದ ಪೈಪ್ ತುಂಡು ಇಟ್ಟು ಸುತ್ತಲೂ ಸಮನಾಗಿ ತಟ್ಟುವುದು. ಅಷ್ಟೇ.

ಮೂರು ವಾರ ನೆಲ ಒಣಗಿತ್ತು. ನಾಲ್ಕನೇ ವಾರ ಮತ್ತೆ ಹನಿ.

ಮೊದಲು ಸೀಲ್‌ಗೆ ಬೈದೆ. ಆಮೇಲೆ ಆ ಬುಸ್ಸ್ ನೆನಪಾಯಿತು. ಆಕ್ಸಲ್ ಕೊಳವೆಯ ಮೇಲೆ ಒಳಗಿನ ಗಾಳಿ ಹೊರಬಿಡುವ, ಹೆಬ್ಬೆರಳ ಗಾತ್ರದ ಬ್ರೀದರ್ ಒಂದಿತ್ತು, ಕೆಸರು ಒಣಗಿ ಕಲ್ಲಾಗಿತ್ತು. ಬಿಚ್ಚಿ ಬಾಯಲ್ಲಿ ಊದಿದರೆ ಗಾಳಿ ಒಂದಿಷ್ಟೂ ಹೋಗಲಿಲ್ಲ. ಓಡುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಅದು ಎಲ್ಲಿಗೆ ಹೋಗಬೇಕು? ಎಣ್ಣೆಯನ್ನು ಸೀಲ್ ತುಟಿಯ ಕೆಳಗೆ ತಳ್ಳಿಕೊಂಡು ಹೊರಗೆ ಬರುತ್ತದೆ. ಮೊದಲ ಸೀಲ್ ಹಾಳಾಗಿದ್ದೂ ಬಹುಶಃ ಇದರಿಂದಲೇ.

ಫ್ಲೇಂಜ್ ಮತ್ತೆ ತೆಗೆದಾಗ ಎರಡನೇ ತಪ್ಪು ಸಿಕ್ಕಿತು. ಫ್ಲೇಂಜ್ ಮೇಲೆ ಹಳೆ ಸೀಲ್ ತುಟಿ ಉಜ್ಜಿದ ಕಡೆ ಉಗುರಿಗೆ ಸಿಗುವಷ್ಟು ಆಳದ ಗೀರು. ಮೊದಲ ಸಲ ಒರೆಸಿ ಹಾಗೇ ಹಾಕಿದ್ದೆ. ಹೊಸ ತುಟಿ ಅದೇ ಗುಂಡಿಯಲ್ಲಿ ಕೂತಿತ್ತು. ಆ ಗೀರಿನ ಮೇಲೆ ಬಳೆಯಂಥ ತೆಳುವಾದ ಸ್ಟೀಲ್ ಸ್ಲೀವ್ (ಕ್ರಶ್ ಸ್ಲೀವ್ ಅಲ್ಲ) ಏರಿಸಿದೆ. ಸ್ಲೀವ್ ಸಿಗದಿದ್ದರೆ, ಹೌಸಿಂಗ್‌ನಲ್ಲಿ ಜಾಗ ಇದ್ದಲ್ಲಿ, ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಕೂರಿಸುವ ಉಪಾಯವೂ ಇದೆ. ಫ್ಲೇಂಜ್ ಕೂರುವ ಪಿನಿಯನ್ ಶಾಫ್ಟ್‌ನ ಉದ್ದ ಹಲ್ಲುಗಳ (ಸ್ಪ್ಲೈನ್) ಸಂದಿಯಿಂದಲೂ ಎಣ್ಣೆ ನಟ್ ಕಡೆ ಹರಿದು ಬರುವುದುಂಟು, ಅಲ್ಲಿಗೂ ಸ್ವಲ್ಪ ಸೀಲೆಂಟ್ ಸವರಿ ಹೊಸ ಲಾಕ್ ನಟ್ ಹಾಕಿದೆ. ಬ್ರೀದರ್ ತೊಳೆದು, ಒಳಗಿನ ಮುಚ್ಚಳ ಆಡುತ್ತಿದೆಯೇ ನೋಡಿ ವಾಪಸ್ ಕೂರಿಸಿದೆ.

ಗಾಡಿಯನ್ನು ಸಮತಟ್ಟಿಗೆ ಇಳಿಸಿ 80ಡಬ್ಲ್ಯು-90 ಎಣ್ಣೆ, ಜಿಎಲ್-5 ದರ್ಜೆಯದು, ಫಿಲ್ಲರ್ ತೂತಿನಿಂದ ಹೊರಗೆ ಜಿನುಗುವವರೆಗೆ ತುಂಬಿದೆ. ನನ್ನ ಗಾಡಿಯ ಮ್ಯಾನುವಲ್ ಹೇಳುವುದು ಅದನ್ನೇ. ಒಂದೇ ಚಕ್ರ ಸುಮ್ಮನೆ ಜಾರಿ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವ ಗಾಡಿಗಳಿಗೆ ಅದಕ್ಕೆಂದೇ ಇರುವ ಎಣ್ಣೆ ಬೇಕು. ಹತ್ತು ಕಿಲೋಮೀಟರ್ ಓಡಿಸಿ ಹೌಸಿಂಗ್‌ನ ಮುಂದೆ ಚಾಚಿದ ಪಿನಿಯನ್ ಮೂಗಿನ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು, ಕೈ ಹಿಂತೆಗೆಯುವಷ್ಟು ಸುಡಲಿಲ್ಲ. ಗುಂಯ್ ಎನ್ನುವ ಸದ್ದೂ ಇರಲಿಲ್ಲ. ಬಿಸಿ ಇರುವಾಗಲೇ ಫಿಲ್ಲರ್ ಪ್ಲಗ್ ಅರ್ಧ ಸುತ್ತು ಸಡಿಲಿಸಿ ಕಿವಿಗೊಟ್ಟೆ. ಬುಸ್ಸ್ ಇಲ್ಲ. ಬಿಗಿ ಮಾಡಿ ಎದ್ದೆ.